ಟೇಪಿನ ಜೊತೆ ಬಣ್ಣವೂ ಕಿತ್ತು ಬಂತು: ರೆಸಿನ್ ಇಂಜಿನ್ ಕಿಟ್ ಕಟ್ಟುವವರು ಓದ್ರಿ

ರೈಲು ಇಂಜಿನ್ನಿನ ಪುಟ್ಟ ಮಾದರಿಯ ಕ್ಯಾಬಿನ (ಡ್ರೈವರ್ ನಿಲ್ಲುವ ಗೂಡಿನ) ಪಕ್ಕದಲ್ಲಿ ಹಳದಿ ಗೆರೆ ಎಳೆಯಲು ಅಂಟಿಸಿದ್ದ ಮಾಸ್ಕಿಂಗ್ ಟೇಪ್ ಬಿಚ್ಚಿದರೆ ಅದರ ಜೊತೆ ಹಸಿರು ಬಣ್ಣ ಬಂತು, ಹಸಿರಿನ ಬೆನ್ನಿಗೆ ಬೂದು ಪ್ರೈಮರೂ (ಬಣ್ಣಕ್ಕೆ ಮೊದಲು ಹೊಡೆಯುವ ತಳದ ಪದರ) ಬಂತು. ಕೆಳಗೆ ಕೆನೆಬಣ್ಣದ ಬರೀ ರೆಸಿನ್. ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ಕಟ್ಟಿದ ನ್ಯಾರೋ ಗೇಜ್ (ಕಿರಿದಾದ ಹಳಿಯ) ಇಂಜಿನ್ ಕಿಟ್ಟಿನ ಗತಿ ಇದು. ಬಣ್ಣ ಹೋದದ್ದು ದೊಡ್ಡ ಮಾತಲ್ಲ, ಮತ್ತೆ ಹಚ್ಚಬಹುದಿತ್ತು. ಅದನ್ನು ತೆಗೆಯಲು ಥಿನ್ನರ್‌ನಲ್ಲಿ ಮುಳುಗಿಸಿ ಬಾಡಿಯನ್ನೇ ಕಳಕೊಂಡದ್ದು ದೊಡ್ಡದು. ಎಲ್ಲೆಲ್ಲಿ ಎಡವಿತು ಅನ್ನೋದು ಕೆಳಗಿದೆ.

ಮೊದಲು ಆ ಕಿತ್ತು ಬಂದ ಚಕ್ಕೆ. ಅದನ್ನು ತಿರುವಿ ಭೂತಗನ್ನಡಿ ಹಿಡಿದರೆ ಹಿಂಬದಿ ಗಾಜಿನಷ್ಟು ನುಣುಪು. ರಿವೆಟ್ ತಲೆಗಳಿದ್ದ ಕಡೆ ಸಾಲಾಗಿ ಸಣ್ಣ ಕುಳಿಗಳು, ಅಚ್ಚೊತ್ತಿದ ಹಾಗೆ. ಪ್ರೈಮರ್ ಒಣಗಿ ಗಟ್ಟಿಯಾಗೇ ಇತ್ತು, ಆದರೆ ರೆಸಿನ್ನಿಗೆ ಹಿಡಿದಿರಲಿಲ್ಲ, ಮೇಲೆ ಟೋಪಿಯಂತೆ ಕೂತಿತ್ತು. ಕಟ್ಟಿದವರಿಗೂ ಟೋಪಿ ಹಾಕಿತು. ಚಕ್ಕೆಯ ಒಳಮೈ ಪುಡಿಪುಡಿಯಾಗಿದ್ದರೆ ತಪ್ಪು ಸ್ಪ್ರೇ ಮಾಡಿದ್ದರಲ್ಲಿದೆ. ಹೀಗೆ ನುಣುಪಾಗಿದ್ದರೆ ತಪ್ಪು ತೊಳೆದದ್ದರಲ್ಲಿದೆ. ಎರಡು ವಾರ ಹಿಂದಿನ ಕೆಲಸ ಅದು.

ಇಂಥ ಬಾಡಿಗಳು ಪಾಲಿಯುರೆಥೇನ್ ರೆಸಿನ್ನಿನವು. ಎರಡು ದ್ರವ ಬೆರೆಸಿ ಸಿಲಿಕೋನ್ ರಬ್ಬರಿನ ಅಚ್ಚಿಗೆ ಸುರಿಯುತ್ತಾರೆ, ಅಚ್ಚಿನಿಂದ ಸಲೀಸಾಗಿ ಬಿಡಲಿ ಅಂತ ಒಳಗೆ ರಿಲೀಸ್ ಏಜೆಂಟ್ ಸಿಂಪಡಿಸುತ್ತಾರೆ. ಕಣ್ಣಿಗೆ ಕಾಣದ ಆ ಜಿಡ್ಡಿನ ಪದರ ಇರುವವರೆಗೆ ಯಾವ ದುಬಾರಿ ಪ್ರೈಮರೂ ಹಿಡಿಯಲ್ಲ. ನಳದ ಕೆಳಗೆ ಹಿಡಿದು ಒರೆಸಿದರೆ ಹೋಗುವಂಥದ್ದಲ್ಲ ಇದು. ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕೈದು ಹನಿ ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿಗೆ ಹಾಕಿ 20 ನಿಮಿಷ ನೆನೆಸ್ರಿ. ಆಮೇಲೆ ಮೆತ್ತನೆ ಹಲ್ಲುಜ್ಜುವ ಬ್ರಷ್ಷಿನಿಂದ ಮೂಲೆಮೂಲೆ ತಿಕ್ಕಿ ತೊಳೀರಿ. ಸೋಪಿನ ಬಿಲ್ಲೆ ಬೇಡ, ಅದರ ಪುಡಿ ರಿವೆಟ್ ಸಂದಿಯಲ್ಲಿ ಕೂತರೆ ತೆಗೆಯುವುದೇ ಒಂದು ಕೆಲಸ. ಕೈ ಮೆತ್ತಗಾಗಲಿ ಅಂತ ಎಣ್ಣೆ ಸೇರಿಸಿದ ಸೋಪಂತೂ ಬೇಡವೇ ಬೇಡ. ಒಣಗಿದ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ತೋಯಿಸಿದ ಬಟ್ಟೆಯಿಂದ ಒಮ್ಮೆ ಒರೆಸ್ರಿ. ಅಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟಬೇಡ್ರಿ, ಕೈಯ ಜಿಡ್ಡೂ ಜಿಡ್ಡೇ.

ಹೋಯಿತೋ ಇಲ್ಲವೋ ನೋಡಲು ಸುಲಭದ ದಾರಿ ಇದೆ. ಮೇಲೆ ನೀರು ಬಿಡ್ರಿ. ತಾವರೆ ಎಲೆ ಮೇಲಿನ ಹಾಗೆ ಮುತ್ತುಮುತ್ತಾಗಿ ನಿಂತರೆ ಜಿಡ್ಡು ಇನ್ನೂ ಇದೆ, ಹಾಳೆಯಂತೆ ಹರಡಿ ಇಳಿದರೆ ಹೋಗಿದೆ. ಈ ಕಿಟ್ಟಿನಲ್ಲಿ ಬಾಯ್ಲರ್ ಮೇಲೆ ನೀರು ಹರಡಿತು, ಕ್ಯಾಬಿನ ಪಕ್ಕಗಳನ್ನು ಯಾರೂ ಪರೀಕ್ಷೆ ಮಾಡಲಿಲ್ಲ. ಕಿತ್ತು ಬಂದದ್ದೂ ಅಲ್ಲೇ.

ನಮ್ಮ ಕಡೆ ತೊಳೆಯುವುದರಲ್ಲೇ ಇನ್ನೆರಡು ತಂಟೆ. ಬೋರ್‌ವೆಲ್ ನೀರು ಗಡಸು, ಒಣಗಿದರೆ ಬಿಳಿ ಕಲೆ ಉಳಿಯುತ್ತದೆ, ತೆಳ್ಳನೆ ಬಣ್ಣದಡಿ ಅದೂ ಕಾಣುತ್ತದೆ. ಕೊನೆಯ ಸಲ ಫಿಲ್ಟರ್ ನೀರಿನಲ್ಲಿ ಜಾಲಿಸ್ರಿ. ಎರಡನೆಯದು ಮಾಳಿಗೆ ಮೇಲಿನ ಕಪ್ಪು ಟ್ಯಾಂಕ್. ಮೇ ತಿಂಗಳ ಮಧ್ಯಾಹ್ನ ನಳ ತಿರುವಿದರೆ ಕೈ ಚುರ್ರೆನ್ನುವ ನೀರು ಬರುತ್ತದೆ. 1 ಮಿ.ಮೀ. ದಪ್ಪದ ಕ್ಯಾಬಿನ ಗೋಡೆಯನ್ನು ಅಂಥ ನೀರಲ್ಲಿ ಹಿಡಿದು ತಿಕ್ಕಿದರೆ ಬಾಗುತ್ತದೆ, ಬಾಗಿದ್ದು ತಣ್ಣಗಾದಾಗ ಹಾಗೇ ನಿಲ್ಲುತ್ತದೆ. ಬೆಳಗಿನ ನೀರು ಹಿಡಿದಿಟ್ಟುಕೊಳ್ಳಿ. ಬಿಸಿಲಿಗೆ ಒಣಹಾಕಬೇಡ್ರಿ, ಹಪ್ಪಳ ಅಲ್ಲ ಅದು.

ಬಿಸಿಯ ಮಾತು ಬಂತು, ಅದನ್ನೇ ಮುಗಿಸೋಣ. ಪಾರ್ಸೆಲ್ ಬಿಚ್ಚಿದ ದಿನವೇ ಫುಟ್‌ಪ್ಲೇಟ್ (ಇಂಜಿನ್ನಿನ ಉದ್ದಕ್ಕೂ ಇರುವ ಚಪ್ಪಟೆ ಹಲಗೆ) ಬಾಗಿತ್ತು. ಡೆಲಿವರಿ ವ್ಯಾನಿನಲ್ಲಿ ಒಂದು ಮಧ್ಯಾಹ್ನ ಕಳೆದರೆ ಸಾಕು ಅದಕ್ಕೆ. ಬಿಚ್ಚಿದ ಕೂಡಲೇ ಚಪ್ಪಟೆ ಭಾಗಗಳನ್ನು ದಪ್ಪ ಗಾಜಿನ ಮೇಲೆ ಇಟ್ಟು ಅಡಿಯಲ್ಲಿ ಝೆರಾಕ್ಸ್ ಕಾಗದದ ಪಟ್ಟಿ ತೂರಿಸಿ ನೋಡ್ರಿ. ಅದರ ದಪ್ಪ ಹೆಚ್ಚುಕಡಿಮೆ 0.1 ಮಿ.ಮೀ. ಒಂದು ಪಟ್ಟಿ ತೂರಿದರೆ ಚಿಂತೆಯಿಲ್ಲ, ನಾಲ್ಕು ತೂರಿದರೆ ನೆಟ್ಟಗೆ ಮಾಡಲೇಬೇಕು. ಮನೆಯಲ್ಲಿ ಶಹಾಬಾದ್ ಕಲ್ಲಿನ ಹಾಸು ಇದೆ, ಅದರ ಮೇಲೇ ಇಡೋಣ ಅನ್ನಬೇಡ್ರಿ. ಪಾಲಿಶ್ ಕಲ್ಲಾದರೂ ಗಾಜಿನಷ್ಟು ಸಮ ಇರಲ್ಲ.

ನೆಟ್ಟಗೆ ಮಾಡಲು 60ರಿಂದ 65 ಡಿಗ್ರಿ ನೀರು ಬೇಕು, ಕುದಿಯುವ ನೀರಲ್ಲ. ಅರ್ಧ ನಿಮಿಷದಿಂದ ಒಂದು ನಿಮಿಷ ಮುಳುಗಿಸಿ ಗಾಜಿನ ಮೇಲೆ ಸಮವಾಗಿ ಒತ್ತಿ ಹಿಡೀರಿ. ಒತ್ತಿದ ಹಾಗೇ ತಣ್ಣೀರಿಗೆ ಇಳಿಸಬೇಕು, ಮಧ್ಯೆ ಕೈ ಬಿಟ್ಟರೆ ಮೊದಲಿನ ಬಾಗಿಗೇ ಹೋಗುತ್ತದೆ. ತಣ್ಣಗಾದ ಮೇಲೂ ಅದರ ಬುದ್ಧಿ ಬಿಡಲ್ಲ, ಮುಂದಿನ ಬೇಸಿಗೆಗೆ ಮತ್ತೆ ಬಾಗಬಹುದು. ಅದಕ್ಕೆ ಉದ್ದದ ಫುಟ್‌ಪ್ಲೇಟಿನ ಒಳಬದಿಗೆ ಎರಡೂ ಕಡೆ ಸಣ್ಣ ಹಿತ್ತಾಳೆಯ ಎಲ್-ಪಟ್ಟಿಯನ್ನು ಎಪಾಕ್ಸಿಯಿಂದ ಅಂಟಿಸಿಬಿಡ್ರಿ. ಪಡುವಣ ಕಿಟಕಿಯ ಹತ್ತಿರದ ಗಾಜಿನ ಕಪಾಟು ಇಂಜಿನ್ ಇಡುವ ಜಾಗವೇ ಅಲ್ಲ.

ಅಂಟಿನ ವಿಷಯ ಚುಟುಕಾಗಿ. ಪ್ಲಾಸ್ಟಿಕ್ ಕಿಟ್ಟಿಗೆ ಬಳಸುವ ಸಿಮೆಂಟ್ ಇಲ್ಲಿ ನಡೆಯಲ್ಲ. ಅದು ಪಾಲಿಸ್ಟೈರೀನನ್ನು ಕರಗಿಸಿ ಬೆಸೆಯುವಂಥದ್ದು, ಈ ರೆಸಿನ್ ಅದಕ್ಕೆ ಕರಗಲ್ಲ. ಸಣ್ಣ ಭಾಗಗಳಿಗೆ ಸೂಪರ್ ಗ್ಲೂ, ಭಾರ ಹೊರುವ ಕಡೆ 24 ಗಂಟೆಯ ಎಪಾಕ್ಸಿ. ಸೂಪರ್ ಗ್ಲೂ ಗಟ್ಟಿಯಾಗಲು ಗಾಳಿಯಲ್ಲಿ ತೇವ ಬೇಕು. ಬೇಸಿಗೆಯ ಒಣ ಗಾಳಿಯಲ್ಲಿ ನಿಧಾನವಾಗುತ್ತದೆ. ಹಿಡಿಯಲಿಲ್ಲ ಅಂತ ಇನ್ನೊಂದು ಹನಿ, ಮತ್ತೊಂದು ಹನಿ ಹಾಕಿದರೆ ಕೀಲಿನ ಸುತ್ತ ಬಿಳಿ ಬೂಷ್ಟು ಹಿಡಿದ ಹಾಗಾಗುತ್ತದೆ. ಒಂದೇ ಹನಿ ಹಾಕಿ ತಾಳ್ಮೆಯಿಂದ ಹಿಡಿದುಕೊಳ್ಳಿ. ವೈಟ್‌ಮೆಟಲ್ಲಿನ (ಕಡಿಮೆ ಬಿಸಿಗೇ ಕರಗುವ ಲೋಹದ) ಡೋಮ್, ಅಂದರೆ ಬಾಯ್ಲರ್ ಮೇಲಿನ ಗುಮ್ಮಟ, ಚಿಮಣಿಗೆ ಮಾಮೂಲಿ ಸೋಲ್ಡರಿಂಗ್ ಐರನ್ ತಾಗಿಸಿದರೆ ಭಾಗವೇ ಕರಗಿ ಬಿಂದುವಾಗುತ್ತದೆ, ಅವಕ್ಕೂ ಎಪಾಕ್ಸಿಯೇ ಸರಿ.

ಗಾಳಿಗುಳ್ಳೆ ಇಲ್ಲದ ರೆಸಿನ್ ಎರಕ ಅಪರೂಪ. ದ್ರವಕ್ಕೆ ತೇವ ಸೇರಿದರೆ ಒಳಗೇ ಅನಿಲ ಹುಟ್ಟಿ ಗುಳ್ಳೆಯಾಗುತ್ತದೆ. ಮೇಲೆ ಕಾಣುವ ಗುಳ್ಳೆಗಿಂತ ತೆಳ್ಳನೆ ಚರ್ಮದಡಿ ಅಡಗಿದ್ದು ಮೋಸದ್ದು. ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಸುಕಿನ ಕಾಗದ) ಹಾಕಿದ ಮೇಲೇ ಅದು ಬಾಯಿ ಬಿಡುತ್ತದೆ. ಪ್ರೈಮರಿಗೆ ಮೊದಲು ಸೂಜಿ ಮೊನೆಯಿಂದ ಅಂಚುಗಳನ್ನು ತಡವಿ, ಕುಸಿದಲ್ಲಿ ಚುಚ್ಚಿ ತೆರೆದು ಪುಟ್ಟಿ ತುಂಬ್ರಿ. ಉಗುರು ಒತ್ತಿದರೆ ಅಂಟಂಟಾಗಿರುವ ಜಾಗ ಸಿಕ್ಕರೆ ಅದು ಬೇರೆಯೇ ರೋಗ. ಅಲ್ಲಿ ಎರಡು ದ್ರವ ಸರಿಯಾಗಿ ಬೆರೆತಿಲ್ಲ, ಆ ಭಾಗ ಇನ್ನು ಗಟ್ಟಿಯಾಗಲ್ಲ, ಬಣ್ಣವೂ ನಿಲ್ಲಲ್ಲ. ವಾಪಸ್ ಕಳಿಸುವುದೇ ಮದ್ದು. ಉಜ್ಜುವಾಗ ಯಾವಾಗಲೂ ನೀರು ಹಾಕಿ 400, ಆಮೇಲೆ 800ರ ಕಾಗದ. ಒಣ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ಫ್ಯಾನ್ ಕೆಳಗೆ ಕೂತು ಉಜ್ಜಿದರೆ ಮನೆಮಂದಿಗೆಲ್ಲ ಹಂಚಿದ ಹಾಗೆ. ಎನ್-95 ಮಾಸ್ಕ್ ಹಾಕ್ರಿ.

ಈಗ ಸ್ಪ್ರೇ. ಹೊರಗೆ 42 ಡಿಗ್ರಿ ಇರುವಾಗ ಮಧ್ಯಾಹ್ನ ಸ್ಪ್ರೇ ಮಾಡಿದರೆ ಬಣ್ಣದ ಹನಿ ದಾರಿಯಲ್ಲೇ ಅರ್ಧ ಒಣಗುತ್ತದೆ, ಮೇಲ್ಮೈಗೆ ತಲುಪುವುದು ಪುಡಿ. ಬೆರಳಾಡಿಸಿದರೆ ಉಸುಕಿನ ಕಾಗದದ ಹಾಗೆ. ಏರ್‌ಬ್ರಷ್ಷಿನ ಮೂತಿಯಲ್ಲೂ ಅಕ್ರಿಲಿಕ್ ಗಟ್ಟಿಕಟ್ಟಿ ಉಗುಳತೊಡಗುತ್ತದೆ. ಬೆಳಿಗ್ಗೆ ಆರು ಗಂಟೆಗೆ ಕೂತ್ಕೊಳ್ಳಿ. ಅಕ್ರಿಲಿಕ್‌ಗೆ ಒಣಗುವುದನ್ನು ತಡಮಾಡುವ ರಿಟಾರ್ಡರ್ ಕೆಲವು ಹನಿ, 15ರಿಂದ 20 ಪಿಎಸ್‌ಐ ಒತ್ತಡ, 8ರಿಂದ 10 ಸೆಂ.ಮೀ. ದೂರ. ಡಬ್ಬಿ ಸ್ಪ್ರೇ ಆದರೆ 20ರಿಂದ 25 ಸೆಂ.ಮೀ. ಒಂದೇ ಸಲ ಮುಚ್ಚಿಬಿಡುವ ಆಸೆ ಬೇಡ, ತೆಳ್ಳಗೆ ಮೂರು ಸಲ ಹೊಡೀರಿ. ಮಳೆಗಾಲದಲ್ಲಿ ತಿರುವುಮುರುವು: ತೇವದಲ್ಲಿ ಲ್ಯಾಕರ್ ಬಿಳಿಚಿಕೊಳ್ಳುತ್ತದೆ, ಮೋಡ ಕವಿದ ದಿನ ಅದನ್ನು ಮುಟ್ಟದಿರುವುದೇ ವಾಸಿ. ಹವೆ ನೋಡಿದರೆ ಡಿಸೆಂಬರ್, ಜನವರಿ ಚಂದ. ಆದರೆ ಅದೇ ತೊಗರಿ ರಾಶಿ ಮಾಡುವ ಕಾಲ. ಹಳ್ಳಿಯಲ್ಲಿರುವವರು ಕಿಟಕಿ ಹಾಕಿ, ಖೋಲಿಗೆ ನೀರು ಚಿಮುಕಿಸಿ ಹತ್ತು ನಿಮಿಷ ಬಿಟ್ಟು ಶುರು ಮಾಡ್ರಿ, ಇಲ್ಲದಿದ್ದರೆ ಬಾಯ್ಲರಿಗೆ ಹೊಟ್ಟು ಅಂಟುತ್ತದೆ.

ಪ್ರೈಮರ್ ಹೊಡೆದು ಒಂದು ದಿನ ಪೂರ್ತಿ ಬಿಟ್ಟು, ಬಾಡಿಯ ಹೊರಮೈಯಲ್ಲೇ ಕಣ್ಣಿಗೆ ಬೀಳದ ಕಡೆ, ಅಂದರೆ ಇಂಜಿನ್ನಿನ ಪಕ್ಕದ ನೀರಿನ ಟ್ಯಾಂಕಿನ ಕೆಳ ಅಂಚಿನಂಥ ಜಾಗದಲ್ಲಿ, ಟೇಪ್ ಅಂಟಿಸಿ ಎಳೆದು ನೋಡ್ರಿ. ಬಂದರೆ ಆವಾಗಲೇ ಬರಲಿ, ನಾಲ್ಕು ಪದರ ಹೊಡೆದ ಮೇಲೆ ಬರುವುದಕ್ಕಿಂತ ಲಕ್ಷ ಪಾಲು ಮೇಲು. ಹಾರ್ಡ್‌ವೇರ್ ಅಂಗಡಿಯ ಗೋಡೆ ಟೇಪ್ ಮಾಸ್ಕಿಂಗಿಗೆ ಬೇಡ. ಮಾಡೆಲ್‌ಗೆಂದೇ ಬರುವ ಕಡಿಮೆ ಅಂಟಿನದು ಸಿಗದಿದ್ದರೆ, ಟೇಪನ್ನು ಮೊದಲು ಗಾಜಿಗೆ ಮೂರ್ನಾಲ್ಕು ಸಲ ಹಚ್ಚಿ ಬಿಚ್ಚಿ ಅಂಟು ಇಳಿಸ್ರಿ.

ಥಿನ್ನರ್ ಕಥೆ ಇಲ್ಲಿಂದ. ಬಣ್ಣ ಎದ್ದಿತು, ಪೂರ್ತಿ ತೆಗೆದು ಹೊಸದಾಗಿ ಹಚ್ಚೋಣ ಅಂತ ಗಾಡಿ ಪೇಂಟ್ ಅಂಗಡಿಯ ಎನ್‌ಸಿ ಥಿನ್ನರ್‌ನಲ್ಲಿ ಬಾಡಿ ಮುಳುಗಿಸಲಾಯಿತು. ಬಣ್ಣ ಹೋಯಿತು, ನಿಜ. ಜೊತೆಗೆ ಸೂಪರ್ ಗ್ಲೂ ಕೀಲುಗಳೂ ಬಿಟ್ಟವು, ಡೋಮ್ ಉದುರಿತು. ರಿಪೇರಿಗೆ ಹಾಕಿದ್ದ ಪ್ಲಾಸ್ಟಿಕ್ ಪಟ್ಟಿ ಲೋಳೆಯಾಯಿತು, ಕ್ಯಾಬಿನ ಗೋಡೆ ಉಬ್ಬಿ ರಬ್ಬರಿನಂತಾಯಿತು. ಒಣಗಿದ ಮೇಲೂ ಅದು ಮೊದಲಿನ ಅಳತೆಗೆ ಬರಲಿಲ್ಲ. ಅಸಿಟೋನ್ ಆಗಲಿ, ಅಸಿಟೋನ್ ಇರುವ ಉಗುರು ಬಣ್ಣ ತೆಗೆಯುವ ದ್ರವವಾಗಲಿ ಇದೇ ಜಾತಿ. ಅಕ್ರಿಲಿಕ್ ಬಣ್ಣವಾದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಸಾಕು. ಅದರಲ್ಲೂ ರಾತ್ರಿಯಿಡೀ ನೆನೆಹಾಕಬೇಡ್ರಿ, 15 ನಿಮಿಷಕ್ಕೊಮ್ಮೆ ತೆಗೆದು ಬ್ರಷ್ ಆಡಿಸಿ ಉಗುರಿನಿಂದ ರೆಸಿನ್ ಗಟ್ಟಿ ಇದೆಯಾ ನೋಡ್ರಿ. ಇನ್ನೂ ಒಂದು ಮಾತು, ಈ ಬಾಡಿಗೆ ಅಷ್ಟೂ ಬೇಕಾಗಿರಲಿಲ್ಲ. ಟೇಪೇ ಹಚ್ಚಿ ಹಚ್ಚಿ ಕಿತ್ತಿದ್ದರೆ ಹಿಡಿಯದ ಬಣ್ಣವೆಲ್ಲ ತಾನೇ ಬರುತ್ತಿತ್ತು, ಉಳಿದದ್ದನ್ನು 800ರ ಕಾಗದ ನೋಡಿಕೊಳ್ಳುತ್ತಿತ್ತು.

ಕೊಳ್ಳುವಾಗಿನ ಮೋಸ ಬೇರೆ ಇದೆ. ಇದನ್ನು ಮಾರಿದವರ ಹೆಸರು ಇಲ್ಲಿ ಬೇಡ, ಗುರುತು ಹಿಡಿಯುವ ಬಗೆ ಹೇಳಿದರೆ ಸಾಕು. ಮೂಲ ಕಿಟ್ಟನ್ನೇ ಮಾದರಿಯಾಗಿಟ್ಟು ಅಚ್ಚು ತೆಗೆದು ಎರೆದ ಕಳ್ಳ ಪ್ರತಿಗಳು ಅಗ್ಗವಾಗಿ ಬರುತ್ತವೆ. ರೆಸಿನ್ ಗಟ್ಟಿಯಾಗುವಾಗ ಕುಗ್ಗುತ್ತದೆ, ಪ್ರತಿಯ ಪ್ರತಿ ಮತ್ತಷ್ಟು ಕುಗ್ಗುತ್ತದೆ. 60 ಮಿ.ಮೀ. ಬಾಡಿ ನೂರಕ್ಕೆ ಒಂದು ಪಾಲು ಕುಗ್ಗಿದರೂ 0.6 ಮಿ.ಮೀ. ಹೋಯಿತು, ಚಾಸಿ (ಮೋಟಾರು, ಚಕ್ರ ಇರುವ ಕೆಳಭಾಗ) ಒಳಗೆ ಕೂರಲ್ಲ. ರಿವೆಟ್ ತಲೆಗಳು ಸವೆದ ಕಾಸಿನ ಹಾಗೆ ಮೊಂಡಾಗಿದ್ದರೆ ಸಂಶಯ ಪಡ್ರಿ. ದುಡ್ಡು ಕಳಿಸುವ ಮೊದಲು ಬಾಡಿಯ ಒಳಬದಿಯ ಫೋಟೋ ಕೇಳ್ರಿ, ಪಕ್ಕದಲ್ಲಿ ವರ್ನಿಯರ್ ಇಟ್ಟು. ಬಂದ ಮೇಲೆ ಭಾಗಗಳಿಗೆ ಹತ್ತಿಕೊಂಡಿರುವ ಎರಕದ ಕಡ್ಡಿ ಕತ್ತರಿಸುವ ಮುನ್ನವೇ ಎಲ್ಲ ಭಾಗಗಳ ಫೋಟೋ ತೆಗೀರಿ. ಒಂದು ಕಡ್ಡಿ ಕತ್ತರಿಸಿದರೂ “ನೀವೇ ಕೆಡಿಸಿದಿರಿ” ಎಂಬ ಉತ್ತರ ಸಿದ್ಧ ಇರುತ್ತದೆ. ಹೊರದೇಶದಿಂದ ತರಿಸುವವರು ಸುಂಕವನ್ನೂ ಲೆಕ್ಕ ಹಿಡೀರಿ. ಆಟಿಕೆ ಎಂದು ಎಣಿಸಿದರೆ ಮೂಲ ಸುಂಕವೇ ಭಾರ. ಅದು 2020ರಲ್ಲಿ ನೂರಕ್ಕೆ 20ರಿಂದ 60ಕ್ಕೆ ಹಾರಿ, 2023ರಲ್ಲಿ 70 ಆಗಿತ್ತು. ಅದರ ಮೇಲೆ ಜಿಎಸ್‌ಟಿ.

ಕಿಟ್ಟಿನಲ್ಲಿ ಮೋಟಾರೂ ಇರಲ್ಲ, ಚಕ್ರವೂ ಇರಲ್ಲ. 9 ಮಿ.ಮೀ. ಹಳಿಯ ಎನ್ ಗೇಜ್ ಚಾಸಿ ಬೇರೆ ಕೊಳ್ಳಬೇಕು. ಸೂಚನಾ ಹಾಳೆಯಲ್ಲಿ ಬರೆದ ಚಾಸಿ ಈಗ ತಯಾರಾಗುತ್ತಿಲ್ಲದಿರಬಹುದು, ಅದೇ ಹೆಸರಲ್ಲಿ ಒಳಗೆ ಬದಲಾಗಿಯೂ ಇರಬಹುದು. ಚಾಸಿ ಕೈಗೆ ಬಂದು ಉದ್ದ, ಅಗಲ, ಮೋಟಾರಿನ ಎತ್ತರ ಅಳೆಯುವವರೆಗೆ ಬಾಡಿಗೆ ಅರ ಮುಟ್ಟಿಸಬೇಡ್ರಿ. ಒಳಗೆ ಕೊರೆಯಬೇಕಾದರೆ ಡ್ರಿಲ್ ಕಡಿಮೆ ವೇಗದಲ್ಲಿರಲಿ, ವೇಗ ಹೆಚ್ಚಾದರೆ ರೆಸಿನ್ ಕಾದು ಬಿಟ್ಟಿಗೆ ಸುತ್ತಿಕೊಳ್ಳುತ್ತದೆ. ಬಾಡಿಯನ್ನು ಚಾಸಿಗೆ ಅಂಟಿಸಬೇಡ್ರಿ, ಸ್ಕ್ರೂ ಹಾಕ್ರಿ, ಎಣ್ಣೆ ಬಿಡಲಾದರೂ ತೆರೆಯಬೇಕಲ್ಲ.

ಪ್ರಮಾಣವೂ, ಅಂದರೆ ನಿಜದ ಇಂಜಿನ್ನಿಗಿಂತ ಮಾದರಿ ಎಷ್ಟು ಪಟ್ಟು ಚಿಕ್ಕದು ಅನ್ನೋದೂ, ನೋಡಿಕೊಳ್ಳಿ. ಬೀದರಿನ ನೆರೆಯ ಲಾತೂರಿಗೆ 1911ರಲ್ಲಿ ಬಂದ ಬಾರ್ಸಿ ಲೈಟ್ ರೈಲ್ವೆಯ ಇಂಜಿನ್ ಮಾಡಬೇಕು ಅನ್ನುವವರಿಗೆ ಇದು ಮುಖ್ಯ. ಬಾರ್ಸಿಯ ಗೇಜ್ (ಎರಡು ಹಳಿಗಳ ನಡುವಿನ ಅಂತರ) 762 ಮಿ.ಮೀ. 1:87ರ ಕಿಟ್ಟಿಗೆ ಅದನ್ನು 87ರಿಂದ ಭಾಗಿಸಿದರೆ 8.76, ಅಂದರೆ 9 ಮಿ.ಮೀ. ಹಳಿಗೆ ಚೆನ್ನಾಗಿ ಹೊಂದುತ್ತದೆ. 1:76ರ ಕಿಟ್ ತಂದರೆ 10 ಮಿ.ಮೀ. ಆಗಬೇಕಿತ್ತು. ಡಾರ್ಜಿಲಿಂಗ್ ರೈಲಿನ ಗೇಜ್ 610 ಮಿ.ಮೀ., ಅದೇ 1:76ರಲ್ಲಿ 8 ಆಗುತ್ತದೆ. 1:87, 1:76 ಎರಡೂ ಕಿಟ್ಟಿನ ಡಬ್ಬಿ ಮೇಲೆ “9 ಮಿ.ಮೀ. ನ್ಯಾರೋ ಗೇಜ್” ಅಂತಲೇ ಇರುತ್ತದೆ, ಪಕ್ಕಪಕ್ಕ ನಿಲ್ಲಿಸಿದಾಗ ಡ್ರೈವರ್ ಗೊಂಬೆಗಳ ಎತ್ತರವೇ ಹೊಂದಲ್ಲ.

ಕಡೆಯದು ತಡವಾಗಿ ಕಾಣಿಸಿಕೊಳ್ಳುವ ತೊಂದರೆ, ಅದಕ್ಕೇ ಹೆಚ್ಚು ಜನ ಬೀಳುತ್ತಾರೆ. ರೆಸಿನ್ ಹಗುರ, ಇಂಜಿನ್ ಹಳಿ ಹಿಡಿಯಲು ಬಾಯ್ಲರ್ ಒಳಗೆ ಸೀಸದ ಗುಂಡು ತುಂಬುತ್ತಾರೆ, ಅಲುಗಾಡದಿರಲಿ ಅಂತ ಮರಕ್ಕೆ ಹಾಕುವ ಬಿಳಿ ಅಂಟು ಸುರಿಯುತ್ತಾರೆ. ಆ ಅಂಟಿನಿಂದ ಹೊರಡುವ ಅಸಿಟಿಕ್ ಆಮ್ಲ ಸೀಸವನ್ನು ತಿಂದು ಬಿಳಿ ಪುಡಿ ಮಾಡುತ್ತದೆ, ಆ ಪುಡಿಗೆ ಸೀಸಕ್ಕಿಂತ ಹೆಚ್ಚು ಜಾಗ ಬೇಕು. ತಿಂಗಳುಗಟ್ಟಲೆ ಏನೂ ಕಾಣಲ್ಲ. ಆಮೇಲೆ ಒಂದು ದಿನ ಟ್ಯಾಂಕಿನ ಪಕ್ಕ ಕೂದಲೆಳೆಯ ಬಿರುಕು, ಒಳಗಿಂದ ಬಿಳಿ ಹಿಟ್ಟು. ಗುಂಡನ್ನು ಎಪಾಕ್ಸಿಯಲ್ಲೇ ಕೂರಿಸ್ರಿ. ಬಿಳಿ ಅಂಟು ಈಗಾಗಲೇ ಹಾಕಿದ್ದರೆ ಚಾಸಿ ಬಿಚ್ಚಿ, ಗ್ಲೌಸ್ ಹಾಕಿಕೊಂಡು, ಬಿರುಕು ಬಿಡುವ ಮೊದಲೇ ಕೆದಕಿ ತೆಗೀರಿ.