ಬರಿಗಾಲಲ್ಲಿ ಎರಡು ಅರಮನೆ: ಮೈಸೂರು, ಪದ್ಮನಾಭಪುರ

ಎರಡೂ ಕಡೆ ಚಪ್ಪಲಿ ಹೊರಗೇ ಬಿಡಬೇಕು. ಹಾಗಾಗಿ ನನಗೆ ಅರಮನೆ ಮೊದಲು ಗೊತ್ತಾಗಿದ್ದು ಪಾದಕ್ಕೆ.

ಮೈಸೂರಿಗೆ ಶಿರಸಿಯಿಂದ ಆಯಿಯನ್ನೂ ಕರೆದುಕೊಂಡು ಹೋಗಿದ್ದೆ. ಆದರೆ ಕಲ್ಯಾಣ ಮಂಟಪದಲ್ಲಿ ನೆಲ ನೋಡುವವರು ಯಾರು? ಎಂಟು ಮೂಲೆಯ ಮಂಟಪ, ಗ್ಲಾಸ್ಗೋದಲ್ಲಿ ಎರಕ ಹೊಯ್ದ ಕಬ್ಬಿಣದ ಕಂಬಗಳು, ಮೇಲೆ ನವಿಲುಗಳ ಬಣ್ಣದ ಗಾಜು. ಆಯಿ ಕತ್ತೆತ್ತಿ ನೋಡಿ, "ಇಷ್ಟೆಲ್ಲ ಗಾಜು ಒರೆಸೋರು ಯಾರೋ ತಮಾ?" ಎಂದಳು. ಹಳೆಯ ಮರದ ಅರಮನೆ 1897ರಲ್ಲಿ ಮದುವೆಯ ಹೊತ್ತಿಗೇ ಸುಟ್ಟುಹೋಗಿತ್ತು. ಅದಾದ ಮೇಲೆ ಹೆನ್ರಿ ಇರ್ವಿನ್ ನಕ್ಷೆಯಲ್ಲಿ ಕಲ್ಲು, ಕಬ್ಬಿಣ ಬಂದವು. ಕೆಲಸ ಮುಗಿದಿದ್ದು 1912ರಲ್ಲಿ. ಕಣ್ಣಿಗೆ ಹಬ್ಬ, ಸರಿ. ಆದರೆ ಜನ ತಳ್ಳಿದ ಕಡೆ ಸಾಗಿದೆವು. ಯಾವ ಕೋಣೆ ಯಾವುದಕ್ಕೆ ಸೇರುತ್ತದೆ ಎನ್ನುವುದು ಕೊನೆಗೂ ತಲೆಗೆ ಹತ್ತಲಿಲ್ಲ.

ಪದ್ಮನಾಭಪುರಕ್ಕೆ ಒಬ್ಬನೇ ಹೋದೆ. ಕುಮಟಾದಲ್ಲಿ ನೇತ್ರಾವತಿ ರೈಲು ಹತ್ತಿ ತಿರುವನಂತಪುರ, ಅಲ್ಲಿಂದ ಬಸ್ಸು. ಸೋಮವಾರ ರಜೆ ಅಂತ ನೋಡಿಕೊಳ್ಳದೆ ಹೋಗಿ ಒಂದು ದಿನ ಸುಮ್ನೆ ಹಾಳಾಯಿತು. ಊರು ತಮಿಳುನಾಡಿನದು, ಅರಮನೆ ನೋಡಿಕೊಳ್ಳುವುದು ಕೇರಳ ಸರ್ಕಾರ. 1795ರವರೆಗೆ ಇದು ತಿರುವಾಂಕೂರಿನ ರಾಜಧಾನಿ.

ಒಳಗೆ ಕಾಲಿಟ್ಟರೆ ನಮ್ಮ ಕಡೆಯ ಹತ್ತಾರು ದೊಡ್ಡ ಮನೆಗಳನ್ನು ಒಂದಕ್ಕೊಂದು ಹೊಂದಿಸಿಟ್ಟ ಹಾಗಿದೆ. ಇಳಿಜಾರು ಹಂಚಿನ ಮಾಡು, ಮರದ ಕಂಬ, ನಡುವೆ ಅಂಗಳ. ಜಗಲಿಯಿಂದ ಮೆತ್ತಿಗೆ ಹತ್ತುವ ಕಡಿದಾದ ಏಣಿಯಂಥ ಮೆಟ್ಟಿಲು ಕೂಡ ಗುರುತಿನದೇ. ಮುಂಬಾಗಿಲ ಮೇಲಿನ ಮಂತ್ರಾಲೋಚನೆಯ ಕೋಣೆಗೆ ಮರದ ಪಟ್ಟಿಗಳ ಕಿಟಕಿ, ಅದರಲ್ಲಿ ಬಣ್ಣದ ಅಭ್ರಕ. ಹೊರಗೆ ಸುಡುಬಿಸಿಲು, ಒಳಗೆ ಗಾಳಿ ಸುಳಿಯುತ್ತದೆ, ಬೆಳಕು ಕಣ್ಣಿಗೆ ಚುಚ್ಚುವುದಿಲ್ಲ. ಇನ್ನು ಆ ಕರಿ ನೆಲ! ಸುಣ್ಣ, ಕರಟದ ಇದ್ದಿಲು, ಮೊಟ್ಟೆಯ ಬಿಳಿ ಸೇರಿಸಿ ಉಜ್ಜಿದ್ದು ಎನ್ನುತ್ತಾರೆ. ಕಂಬದ ನೆರಳು ಅದರಲ್ಲಿ ಕಾಣುತ್ತದೆ. ಅಜ್ಜನ ಮನೆಯ ಕಾವಿ ನೆಲದಷ್ಟೇ ತಂಪು. ಸ್ವಲ್ಪ ಹೊತ್ತು ನಿಂತೇ ಇದ್ದೆ. ಯಾರೂ ಮುಂದೆ ನೂಕಲಿಲ್ಲ.

ಮಕ್ಕಳಿದ್ದರೆ ಮೈಸೂರಿಗೇ ಹೋಗಿ. ಭಾನುವಾರ ಸಂಜೆ ದೀಪ ಹತ್ತುವ ಹೊತ್ತಿಗೆ ಹೊರಗಿನ ಬಯಲಲ್ಲಿ ನಿಂತರೂ ಸಾಕು. ಮನೆ ಕಟ್ಟಿಸುವ ಯೋಚನೆ ಇದ್ದವರು, ಅದೂ ನಮ್ಮ ಮಳೆಯ ಊರಲ್ಲಿ, ದೂರವಾದರೂ ಪದ್ಮನಾಭಪುರ ನೋಡಿ ಬನ್ನಿ. ಬಾಗಿಲು ದಾಟುವಾಗ ಮಾತ್ರ ಬಗ್ಗಿ. ನನ್ನ ಹಣೆಗೆ ಎರಡು ಸಲ ಬಡಿಯಿತು.