ಹಳೆ ಇಳಕಲ್ ಸೀರೆ: ಕೈ ಕೌದಿಯೋ, ಮಷೀನ್ ರಜಾಯಿಯೋ?

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಸವೆದ ಕಾಟನ್ ಸೀರೆ, ಧೋತರ ಇದ್ದರೆ ಕೈಯಲ್ಲೇ ಕೌದಿ (ಹಳೆ ಬಟ್ಟೆ ಪದರ ಪದರವಾಗಿ ಸೇರಿಸಿ ಹೊಲಿದ ಹೊದಿಕೆ) ಹೊಲಿಸಿ. ದುಡ್ಡು ಜಾಸ್ತಿ ಹೋಗುತ್ತದೆ, ಕಾಯಬೇಕಾಗುತ್ತದೆ. ಆದರೂ ನನ್ನ ಓಟು ಅದಕ್ಕೇ.

ನಮ್ಮತ್ತೆಯ ಟ್ರಂಕಿನಲ್ಲಿ ಇದ್ದವು ಬಹುತೇಕ ಎಂಟು-ಒಂಬತ್ತು ಗಜದ ಇಳಕಲ್ ಸೀರೆಗಳು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಬಂದಾಗಲೂ ಆ ಟ್ರಂಕ್ ಜೊತೆಗೇ ಬಂದಿತ್ತು. ಸೀರೆಯ ಒಡಲು ಸವೆದು ಬೆಳಕು ಕಾಣುವಷ್ಟು ತೆಳ್ಳಗಾಗಿದೆ. ದಡಿ, ಅಂದರೆ ಅಂಚಿನ ಪಟ್ಟಿ, ಮಾತ್ರ ಇನ್ನೂ ಗಟ್ಟಿ. ಗೋಮಿ, ಗಾಡಿ, ಪರಾಸಪೇಟಿ ಎಲ್ಲ ದಡಿಯವೂ ಇದ್ದವು. ಒಂದಿಷ್ಟು ಮಷೀನಿಗೆ ಕೊಟ್ಟೆ, ಒಂದಿಷ್ಟು ಕೈ ಹೊಲಿಗೆಗೆ. ಎರಡಕ್ಕೂ ಆಗದವು, ಹಳೆ ಬಟ್ಟೆಗೆ ಪಾತ್ರೆ ಕೊಡುವ ಭಾಂಡೆಯವಳ ಬುಟ್ಟಿಗೆ ಹೋದವು.

ಭಾಂಡೆ ವ್ಯವಹಾರದ್ದು ಒಂದೇ ಮಾತು: ಜರಿ ಇಲ್ಲದ ಕಾಟನ್ ಸೀರೆ ಕಂಡರೆ ಆಕೆ ಮುಖ ಸಿಂಡರಿಸುತ್ತಾಳೆ. ನನಗೆ ಸಿಕ್ಕಿದ್ದು ಒಂದು ಸಣ್ಣ ಬೋಗುಣಿ.

ಮಷೀನ್ ರಜಾಯಿಗೆ 600 ರೂಪಾಯಿ ಆಯಿತು. ಎರಡೇ ದಿನದಲ್ಲಿ ಕೈಗೆ ಬಂತು. ಸಾಲು ನೇರ, ನೋಡಲಿಕ್ಕೆ ಚೆಂದ. ಬಿಚ್ಚಿ ಹಾಸಿದಾಗ ಏನೋ ಕಡಿಮೆ ಅನಿಸಿತು. ದಡಿಯೇ ಇಲ್ಲ! ಅಂಗಡಿಯವನನ್ನು ಕೇಳಿದರೆ, "ದಡಿ ಮ್ಯಾಲ ದಡಿ ಬಂದ್ರ ಸೂಜಿ ಮುರಿತಾವ್ರಿ, ಕತ್ತರಿಸಿ ಒಗದ್ವಿ" ಅಂದ. ಸೀರೆಯಲ್ಲಿ ಗಟ್ಟಿ ಇದ್ದದ್ದೇ ಅದೊಂದು. ಅದನ್ನು ತೆಗೆದು, ಸವೆದ ಒಡಲನ್ನಷ್ಟೇ ಹೊಲಿದು ಕೊಟ್ಟಿದ್ದ. ನಡುವೆ ಕೇಳದೇ ಒಂದು ಫೈಬರ್ ಶೀಟು ಬೇರೆ. ಮೆತ್ತಗಿರಲಿ ಅಂತ.

ಅಷ್ಟಕ್ಕೇ ಮುಗಿದಿದ್ದರೆ ಸುಮ್ನೆ ಇರುತ್ತಿದ್ದೆ. ನಾಲ್ಕಾರು ಸಲ ಒಗೆದ ಮೇಲೆ ಹೊಲಿಗೆಯ ಗುಂಟ ಬಟ್ಟೆ ಬಿಡಲು ಶುರುವಾಯಿತು. ದಾರ ಹಾಗೇ ಇದೆ, ಬಿಗಿಯಾಗಿ ಕೂತಿದೆ. ಅದರ ಎರಡೂ ಕಡೆ ಸೀರೆ ಸೀಳಿದೆ. ಕಾರಣ ಕಣ್ಣಿಗೇ ಕಾಣುತ್ತದೆ. ಮಷೀನ್ ಹೊಲಿಗೆಯಲ್ಲಿ ಸೂಜಿ ತೂತುಗಳು ಒತ್ತೊತ್ತಾಗಿ ಬೀಳುತ್ತವೆ, ಅಂಚೆಚೀಟಿ ಹರಿಯಲು ಮಾಡಿದ ತೂತಿನ ಸಾಲಿನ ಹಾಗೆ. ಅದರೊಳಗೆ ಪಾಲಿಯೆಸ್ಟರ್ ದಾರ. ಸವೆದ ಹತ್ತಿ ನೂಲಿಗಿಂತ ಅದು ಎಷ್ಟೋ ಗಟ್ಟಿ. ರಾತ್ರಿ ಯಾರಾದರೂ ಹೊರಳಿ ಎಳೆದರೆ ದಾರ ಜಗ್ಗುವುದಿಲ್ಲ, ಬಟ್ಟೆ ಹರಿಯುತ್ತದೆ. ತೇಪೆ ಹಾಕೋಣ ಎಂದರೆ ಅದಕ್ಕೂ ಮತ್ತೆ ಮಷೀನು, ಮತ್ತೆ ತೂತು. ಒಂದು ತೇಪೆ ಹಾಕಿಸಿದೆ, ಅದರ ಪಕ್ಕದಲ್ಲೇ ಹರಿಯಿತು. ಫೈಬರ್ ಶೀಟು ಈಗ ಒಂದು ಮೂಲೆಗೆ ಉಂಡೆಗಟ್ಟಿದೆ. ಅದನ್ನು ಇನ್ನು ಹಿಂಜಿಸಿ ಸರಿ ಮಾಡಲಿಕ್ಕೆ ಅದೇನು ಗಾದಿಯ ಹತ್ತಿಯೇ?

ಕೈ ಕೌದಿ ಹೊಲಿದವಳು ನಮ್ಮ ಓಣಿಗೆ ಬರುವ ಹೆಂಗಸು. ನಮ್ಮ ಪಡಸಾಲೆಯಲ್ಲೇ ಕೂತು ಹೊಲಿದಳು. ಕೆಳಗೆ ಒಂದು ಸೀರೆ ಹಾಸಿ, ಮೇಲೆ ಧೋತರಗಳು, ಅದರ ಮೇಲೆ ಬಣ್ಣದ ತುಂಡುಗಳು. ಆ ಅರಿವೆಯ ಮೇಲೆಯೇ ಕೂತು, ಅಂಚಿನಿಂದ ಶುರು ಮಾಡಿ, ಸುತ್ತು ಹಾಕುತ್ತಾ ನಡುವಿಗೆ ಬರುತ್ತಾಳೆ. ದಡಿಗಳನ್ನು ಬಿಚ್ಚಿ ನಾಲ್ಕೂ ಸುತ್ತ ಕಟ್ಟಿದಳು. ಎಲ್ಲರೂ ಹಿಡಿದು ಎಳೆಯುವ ಜಾಗ ಅದೇ ಅಲ್ವಾ? ಕೆಂಪು ಸೆರಗನ್ನು ಅಂಚಿಗೆ ಹಾಕೆಂದೆ, ಒಪ್ಪಲಿಲ್ಲ, ನಡುವೆ ಇಟ್ಟಳು. ಅವಳು ಮಾಡಿದ್ದೇ ಸರಿ. ಈ ಸೆರಗುಗಳಲ್ಲಿರುವ ಆರ್ಟ್ ಸಿಲ್ಕ್ ಎಂದರೆ ರೇಯಾನ್. ಒದ್ದೆಯಾದಾಗ ಅದರ ಬಲ ಕುಗ್ಗುತ್ತದೆ. ನೆನೆದ ಕೌದಿಯ ಭಾರವನ್ನು ಅದರ ಮೇಲೆ ಹಾಕಬಾರದು.

ದಾರ ಮಾತ್ರ ಸಾದಾ ಹತ್ತಿಯದು. ಗಟ್ಟಿ ದಾರ ತಂದು ಕೊಡಲೇ ಎಂದೆ.

"ಬ್ಯಾಡ್ರಿ ಅಕ್ಕಾರ. ದಾರ ಹರದ್ರ ನಾ ಬಂದು ಹಾಕಿ ಕೊಡ್ತೀನಿ. ಅರಿವಿ ಹರದ್ರ ಯಾರ್ ಕೊಡ್ತಾರ್ರಿ?"

ಹಾಗೇ ಆಗಿದೆ. ಕಾಲ ಕಡೆ ಒಂದೆರಡು ಸಾಲು ದಾರ ಹೋಗಿತ್ತು. ಟಿವಿ ನೋಡುತ್ತಾ ನಾನೇ ಎಳೆದು ಹಾಕಿದೆ. ಬಟ್ಟೆಗೆ ಏನೂ ಆಗಿಲ್ಲ.

ತೊಂದರೆ ಇಲ್ಲವೆಂದಲ್ಲ. 1,500 ರೂಪಾಯಿ, ಮೇಲೆ ದಿನಾ ಚಹಾ. ಮುಗಿಯಲು ವಾರಗಟ್ಟಲೆ ಬೇಕಾಯಿತು, ನಡುವೆ ಅವರೂರಿನ ಜಾತ್ರೆ ಬೇರೆ ಬಂತು. ಒಗೆಯುವುದು ದೊಡ್ಡ ಕೆಲಸ. ನಮ್ಮ ವಾಷಿಂಗ್ ಮಷೀನಿನಲ್ಲಿ ಹಿಡಿಸುವುದಿಲ್ಲ, ನೆನೆದರೆ ಎತ್ತಲು ಇಬ್ಬರು ಬೇಕು. ಬಾಗಲಕೋಟೆಯ ಬಿಸಿಲು ಇರುವುದರಿಂದ ಬದುಕಿದೆವು, ಏಪ್ರಿಲ್‌ನಲ್ಲಿ ಒಂದೇ ದಿನಕ್ಕೆ ಒಣಗುತ್ತದೆ. ಮಳೆಗಾಲದಲ್ಲಿ ಮುಟ್ಟಲೇಬೇಡಿ. ಚಂದ್ರಕಾಳಿ ಎನ್ನುವ ಕಪ್ಪು ಸೀರೆ ಇದ್ದರೆ ಹೊಲಿಯಲು ಕೊಡುವ ಮುಂಚೆಯೇ ಬಣ್ಣ ಬಿಡುವುದು ನಿಲ್ಲುವ ತನಕ ಬೇರೆ ಒಗೆಯಿರಿ. ಇಲ್ಲದಿದ್ದರೆ ಆ ಕಪ್ಪು ಧೋತರಕ್ಕೆಲ್ಲ ಹತ್ತುತ್ತದೆ.

ನಮ್ಮ ಮನೆಯಲ್ಲಿ ಬೇಸಿಗೆಗೆ ನೆಲಕ್ಕೆ ಹಾಸಲು, ಚಳಿಗೆ ಹೊದೆಯಲು ಒಂದೇ ಸಾಕು. ಒಗೆಯುವುದೂ ಕಡಿಮೆ. ಹಾಗಾಗಿ ಕೈ ಕೌದಿಯೇ ನನಗೆ ಸರಿ. ಕೂಸು ಇರುವ ಮನೆಯವರಿಗೆ ದಿನಾ ಒಗೆಯುವ ತೆಳ್ಳನೆಯದು ಬೇಕು, ಅವರು ಮಷೀನಿಗೇ ಕೊಡಲಿ. ಆದರೆ ಸವೆದ ಸೀರೆ ಬೇಡ, ಇನ್ನೂ ಗಟ್ಟಿ ಇರುವ ಬೆಡ್‌ಶೀಟು ಕೊಡಿ. ಕಾಟನ್ ದಾರ, ಉದ್ದ ಹೊಲಿಗೆ, ಫೈಬರ್ ಬೇಡ ಎಂದು ಚೀಟಿ ಬರೆದು ಬಟ್ಟೆಗೇ ಪಿನ್ ಮಾಡಿ. ಬಾಯಲ್ಲಿ ಹೇಳಿದ್ದು ಅಂಗಡಿಯಲ್ಲಿ ಮರುದಿನಕ್ಕೆ ನೆನಪಿರುವುದಿಲ್ಲ.