ಬಗ್ಗುವ ಫೈಬರ್ ಕೇಬಲ್: ಎರಡು ಮಳೆಗಾಲ ಕಳೆದ ಮೇಲೆ

ನಮ್ಮದು ಶಿರಸಿ ಹತ್ತಿರದ ಹಳೆಯ ಮನೆ. ದಪ್ಪ ಮಣ್ಣಿನ ಗೋಡೆ. ಇಂಟರ್ನೆಟ್ ಪೆಟ್ಟಿಗೆ ಜಗುಲಿಯಲ್ಲಿತ್ತು, ನಾನು ಕೆಲಸ ಮಾಡುವುದು ಮೆತ್ತಿನ ಮೇಲೆ. ವೈಫೈ ಅಲ್ಲಿಗೆ ಹತ್ತುತ್ತಲೇ ಇರಲಿಲ್ಲ. ಪೆಟ್ಟಿಗೆಯನ್ನೇ ಮೇಲಕ್ಕೆ ಒಯ್ಯೋಣ ಎಂದು 20 ಮೀಟರಿನ ಜಿ.657.ಎ2 ಜಾತಿಯ ಬಗ್ಗುವ ಫೈಬರ್ ಕೇಬಲ್ (ಒಳಗಿನ ಗಾಜಿನ ಎಳೆಯಲ್ಲಿ ಬೆಳಕಾಗಿ ಇಂಟರ್ನೆಟ್ ಒಯ್ಯುವಂಥದ್ದು) ತರಿಸಿದೆ.

ಮೊದಲ ದಿನವೇ ಇಷ್ಟವಾಯಿತು. ಹಳೆಯ ಜಿ.652 ಫೈಬರನ್ನು ಲೋಟದ ಬಾಯಿಗಿಂತ ಚಿಕ್ಕದಾಗಿ ಸುತ್ತಲು ಭಯ. ಇದು 7.5 ಮಿಲಿಮೀಟರ್ ತ್ರಿಜ್ಯದವರೆಗೂ ಬಗ್ಗುತ್ತದೆ. ಅಂದರೆ ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕ ಸುತ್ತು! ಹಲಸಿನ ಚೌಕಟ್ಟಿನ ಅಂಚು ಹಿಡಿದು, ಮೆಟ್ಟಿಲ ಮೂಲೆ ತಿರುಗಿಸಿ ಮೆತ್ತಿಗೆ ಹತ್ತಿಸಿದೆ. ಅಜ್ಜ ಕಟ್ಟಿಸಿದ ಗೋಡೆಗೆ ಒಂದು ತೂತೂ ಬೀಳಲಿಲ್ಲ.

ಅಂದಿನಿಂದ ಒಂದು ರೂಢಿ ಬಂತು. ಬೆಳಿಗ್ಗೆ ಕಷಾಯ ಕುದಿಯುವಷ್ಟರಲ್ಲಿ ಮೊಬೈಲಿನಲ್ಲಿ ಪೆಟ್ಟಿಗೆಯ ಪುಟ ತೆರೆದು ಫೈಬರಿನಲ್ಲಿ ಬರುವ ಬೆಳಕಿನ ಮಟ್ಟ ನೋಡುತ್ತೇನೆ. ಮೈನಸ್ 20 ಡಿಬಿಎಂ (ಬೆಳಕಿನ ಬಲದ ಅಳತೆ) ಕಂಡರೆ ನೆಮ್ಮದಿ. ಅದರಿಂದ 3 ಇಳಿದರೆ ಬೆಳಕು ಅರ್ಧವಾಯಿತು ಎಂದೇ ಲೆಕ್ಕ.

ಆಷಾಢದಲ್ಲಿ ಅದು ಮೈನಸ್ 23 ಆಯಿತು. ವಾರ ಕಳೆದ ಮೇಲೆ ಮೈನಸ್ 26. ಮೂಲೆಗಳನ್ನೆಲ್ಲ ತಡವಿ ನೋಡಿದೆ, ಎಲ್ಲ ಸರಿ ಇತ್ತು. ಕೊನೆಗೆ ಸಿಕ್ಕಿದ್ದು ಮೆಟ್ಟಿಲ ಬಾಗಿಲು. ಮಳೆಗೆ ಮರ ಉಬ್ಬಿತ್ತು. ಬೇಸಿಗೆಯಲ್ಲಿ ಕೇಬಲ್ ಸಲೀಸಾಗಿ ನುಸುಳಿದ್ದ ಸಂದಿ ಈಗ ಅದನ್ನು ಕಚ್ಚಿ ಹಿಡಿದಿತ್ತು. ಬಗ್ಗುತ್ತದೆ ಅಂದ ಮಾತ್ರಕ್ಕೆ ಒತ್ತಡ ತಡೆಯುತ್ತದೆ ಅಂತಲ್ಲ. ಬಾಗಿಲ ಸಂದಿಗೆ ಸಿಕ್ಕಿದರೂ, ಪ್ಲಾಸ್ಟಿಕ್ ಟೈ ಬಿಗಿದರೂ, ಆಣಿ ಕ್ಲಿಪ್ಪನ್ನು ಜೋರಾಗಿ ಹೊಡೆದರೂ ಒಳಗಿನ ಗಾಜು ನಲುಗಿ ಬೆಳಕು ಸೋರುತ್ತದೆ. ಈ ಮಾತು ಕೇಬಲ್ ಪೊಟ್ಟಣದಲ್ಲಿ ಎಲ್ಲೂ ಇರಲಿಲ್ಲ.

ಬಾಗಿಲು ಎಳೆದು ಬಿಡಿಸುವಾಗ ಫೈಬರ್ ತುಂಡಾಯಿತು. ರಿಪೇರಿಗೆ ಬಂದ ಹುಡುಗ ಪಟಪಟ ಸಿಪ್ಪೆ ಸುಲಿದು, ಗಾಜು ಕತ್ತರಿಸಿ, ಹೊಸ ಕನೆಕ್ಟರ್ ಹಾಕಿದ. ಕೈಚಳಕ ಮೆಚ್ಚುವಂಥದ್ದೇ. ಆದರೆ ಕತ್ತರಿಸಿದ ಚೂರುಗಳನ್ನು ಅಂಗೈಯಿಂದ ನೆಲಕ್ಕೆ ಕೊಡವಿ ಹೋದ. ನಾವು ನೆಲದ ಮೇಲೆ ಕೂತು ಉಣ್ಣುವವರು. ಆ ಗಾಜು ಕೂದಲಿನಷ್ಟು ಸಪೂರ, 125 ಮೈಕ್ರಾನ್. ಸಂಜೆ ಅಮ್ಮನ ಬೆರಳಿಗೆ ಒಂದು ಚೂರು ಹೊಕ್ಕಿತು. ಕಣ್ಣಿಗೆ ಕಾಣುವುದಿಲ್ಲ, ಮುಟ್ಟಿದರೆ ಮಾತ್ರ ಚುಚ್ಚುತ್ತದೆ. ಭೂತಗನ್ನಡಿ, ಚಿಮಟ ಹಿಡಿದು ತೆಗೆಯಲು ಅರ್ಧ ಗಂಟೆ ಬೇಕಾಯಿತು. ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ.

ಆ ರಾತ್ರಿ ದೀಪ ಆರಿಸಿ, ಟಾರ್ಚನ್ನು ನೆಲಕ್ಕೆ ತಾಗಿಸಿ ಬೆಳಕು ಬಿಟ್ಟೆ. ಚೂರುಗಳು ಮಿಣುಗಿದವು. ಒಂದೊಂದನ್ನೇ ಅಂಟುಟೇಪಿಗೆ ಹತ್ತಿಸಿ ಮುಚ್ಚಳದ ಬಾಟಲಿಗೆ ಹಾಕಿದೆ. ನಿಮ್ಮ ಮನೆಗೂ ಯಾರಾದರೂ ಬಂದರೆ ಕೆಲಸಕ್ಕೆ ಮೊದಲೇ ಕಪ್ಪು ಬಟ್ಟೆ ಹಾಸಿ, ಬಾಟಲಿ ಕೈಗೆ ಕೊಡಿ. ಮಕ್ಕಳನ್ನು, ತಿಂಡಿ ತಟ್ಟೆಯನ್ನು ದೂರ ಇಡಿ. ಬೆಳಕು ಹರಿಯುತ್ತಿರುವ ಫೈಬರಿನ ತುದಿಗೆ ಕಣ್ಣಿಡಲು ಯಾರನ್ನೂ ಬಿಡಬೇಡಿ. ಅದರ ಬೆಳಕು ಕಾಣುವುದಿಲ್ಲ, ಆದರೂ ಕಣ್ಣಿನೊಳಗೆ ಹೋಗುತ್ತದೆ.

ಮುಂದಿನ ಬೇಸಿಗೆಯಲ್ಲಿ ಅದೇ ಜಾತಿಯ ಇನ್ನೊಂದು ಕೇಬಲ್ ತಂದೆ. ಬೇರೆ ಯೋಚಿಸಲಿಲ್ಲ, ಏಕೆಂದರೆ ತಪ್ಪು ಕೇಬಲ್‌ನದ್ದಲ್ಲ ಅಲ್ವಾ? ಈ ಸಲ ಬಾಗಿಲ ಸಂದಿ ಬಿಟ್ಟು ಅಟ್ಟದ ತೊಲೆಯ ಮೇಲಿಂದ ತಂದೆ. ಆಣಿ ಬದಲು ಅಂಟು ಕ್ಲಿಪ್ಪು, ಕೇಬಲ್ ಒಳಗೆ ಜಾರುವಷ್ಟು ಸಡಿಲ. ಅಳತೆಗಿಂತ 5 ಮೀಟರ್ ಜಾಸ್ತಿ ತೆಗೆದುಕೊಂಡು, ಉಳಿದದ್ದನ್ನು ಊಟದ ತಟ್ಟೆಯಗಲ ಸುತ್ತಿ, ಹಳೆಯ ಪಂಚೆಯ ಪಟ್ಟಿಯಿಂದ ಮೆತ್ತಗೆ ಕಟ್ಟಿದೆ. ಜೋಡಿಸುವ ಮುನ್ನ ಕನೆಕ್ಟರ್ ತುದಿ ಒರೆಸಿದೆ. ಹಸಿರು ಕನೆಕ್ಟರಿಗೆ ಹಸಿರನ್ನೇ ಸೇರಿಸಿದೆ, ಅದರ ತುದಿ 8 ಡಿಗ್ರಿ ಓರೆ ಇರುತ್ತದೆ, ಓರೆಯಿಲ್ಲದ ನೀಲಿ ಕನೆಕ್ಟರಿಗೆ ಸರಿಯಾಗಿ ಕೂರುವುದಿಲ್ಲ.

ಎರಡನೇ ಮಳೆಗಾಲವೂ ಮುಗಿಯಿತು. ಇವತ್ತು ಬೆಳಿಗ್ಗೆ ನೋಡಿದಾಗಲೂ ಮೈನಸ್ 20. ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಗಾಜಿನ ಚೂರಿನ ಬಗ್ಗೆ ಪೊಟ್ಟಣದಲ್ಲಿ ಕನ್ನಡದ ಒಂದು ಚೀಟಿ ಇಟ್ಟ ದಿನ ಐದನೆಯದೂ ಅವರಿಗೇ.